ಒಂದು ಸ್ವರ ಬಿಟ್ಟ ಹಾಡು

ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಸುಳ್ಳು ಎಂದು ನನ್ನ ಹೆಂಡತಿ ಮಾನಮ್ಮ ಕಂಡವರಿಗೆಲ್ಲ ಹೇಳುತ್ತಾಳೆ. ಅದು ಅನ್ಯಾಯ. ಅರ್ಧ ಮಾತ್ರ.

ನಾನು ತಾಯಪ್ಪ. ಯಾದಗಿರಿ ಕಡೆಯವನು. ಮರಾಠಿ ಸೀಮೆಯ ಹಿಂಜವಾಡಿಯಲ್ಲಿ ಏಳುತ್ತಿರುವ ಇಪ್ಪತ್ತೆರಡು ಮಹಡಿಯ ಬಿಲ್ಡಿಂಗಿನಲ್ಲಿ ಲಿಫ್ಟ್ ಓಡಿಸುತ್ತೇನೆ. ಲಿಫ್ಟ್ ಎಂದರೆ ಕನ್ನಡಿ ಇರುವ ಲಿಫ್ಟ್ ಅಲ್ಲ. ಹೊರಗೋಡೆ ಹಿಡಿದು ಏರುವ ಕಬ್ಬಿಣದ ಜಾಳಿಗೆಯ ಪಂಜರ. ಸಿಮೆಂಟು, ಪೈಪು, ಮನುಷ್ಯರು, ಎಲ್ಲ ಅದರಲ್ಲೇ. ಮೋಡವಿಲ್ಲದ ದಿನ ಮೇಲಿನಿಂದ ಯಾದಗಿರಿ ಕೋಟೆ ಕಾಣುತ್ತದೆ ಎಂದು ಹೇಳಿ ಮೂವರನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ. ಇಬ್ಬರು ಬೈದರು. ಒಬ್ಬ ಕಂಡಿತು ಅಂದ. ಆ ಒಬ್ಬನಿಗೋಸ್ಕರವೇ ನಾನು ಬಾಯಿ ತೆರೆಯುವುದು.

ಆದರೆ ಈಗ ಹೇಳುವುದರಲ್ಲಿ ನಾನು ಏನೂ ಸೇರಿಸಿಲ್ಲ. ಸೇರಿಸಲು ಧೈರ್ಯವೇ ಬರಲಿಲ್ಲ.

ಶುರುವಾದದ್ದು ಮಹಾಲಿಂಗಣ್ಣನಿಂದ. ನಮ್ಮ ಗೇಟಿನ ಎದುರಿಗೆ ಅವರ ಹೋಟೆಲು. ಕುಂದಾಪುರದವರು. ಅವರ ಹತ್ತಿರ ಒಂದು ಟ್ರಂಕಿನ ತುಂಬ ಹಳೆಯ ಪತ್ತೇದಾರಿ ಪುಸ್ತಕಗಳಿವೆ. ನಾನು ಮೂರನೇ ಇಯತ್ತೆ ಬಿಟ್ಟವನು, ಬೋರ್ಡು ಓದುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಹಾಗಾಗಿ ಮಧ್ಯಾಹ್ನ ಗಿರಾಕಿ ಕಮ್ಮಿಯಾದಾಗ ಅವರು ಓದುತ್ತಿದ್ದರು, ನಾನು ಚಹಾ ಹಿಡಿದು ಕೇಳುತ್ತಿದ್ದೆ. ಎಲ್ಲ ಪುಸ್ತಕದಲ್ಲೂ ಒಬ್ಬ ಪತ್ತೇದಾರ ಒಂಟಿಯಾಗಿ ಬಾರಿನಲ್ಲಿ ಕೂತಿರುತ್ತಾನೆ, ಮೂಲೆಯಲ್ಲಿ ರೆಕಾರ್ಡು ತಿರುಗುತ್ತಿರುತ್ತದೆ. ಹೆಣ ಸಿಕ್ಕ ಕೋಣೆಯಲ್ಲಿ ರೇಡಿಯೋ ಹಾಡುತ್ತಲೇ ಇರುತ್ತದೆ, ಯಾರೂ ಆರಿಸುವುದಿಲ್ಲ.

"ಕೊಲೆ ನಡ್ಯೂ ಜಾಗದಲ್ಲಿ ಹಾಡು ಯಾಕ್ರಿ?" ಎಂದು ಒಂದು ದಿನ ಕೇಳಿದೆ.

"ಅಲ್ಲೇ ಉಂಟು ಮಾರಾಯ ಮಜಾ," ಅಂದರು. "ಪಿಸ್ತೂಲಿನ ಶಬ್ದ ಎಲ್ಲ ಒಂದೇ. ಹಾಡು ಹಾಗಲ್ಲ. ಒಂದು ಸಲ ಕೊಲೆಯ ಹತ್ತಿರ ಕೇಳಿದ್ರೆ ಆಮೇಲೆ ಮದುವೆಮನೆಯಲ್ಲಿ ಕೇಳಿದ್ರೂ ಬೆನ್ನು ತಣ್ಣಗಾಗ್ತದೆ. ನೀನು ಕಥೆ ಹೇಳುವವ. ನೆನಪಿಟ್ಕೋ. ಹಾಡಿಲ್ಲದೆ ಕೊಲೆ ಮಾಡಿಸ್ಬೇಡ."

ನಾನು ಅದನ್ನು ಗಂಟು ಕಟ್ಟಿಕೊಂಡೆ. ಮೊಬೈಲಿನಲ್ಲಿ ನಮ್ಮ ಕಡೆಯ ಕೂಲಿಯವರದ್ದೇ ಒಂದು ಗ್ರೂಪ್ ಇದೆ. ಹಿಂಜವಾಡಿ, ಮಗರಪಟ್ಟಾ, ವಿಮಾನ ನಗರ, ಎಲ್ಲ ಸೈಟಿನವರೂ ಸೇರಿ ಇನ್ನೂರು ಮಂದಿ. ಸಂಜೆ ಕೆಲಸ ಬಿಟ್ಟ ಮೇಲೆ ಅದರಲ್ಲಿ ದಿನಕ್ಕೆ ಹತ್ತು ನಿಮಿಷ ಬಾಯಲ್ಲೇ ಒಂದು ಪತ್ತೇದಾರಿ ಕಥೆ ಹೇಳತೊಡಗಿದೆ. ಪತ್ತೇದಾರನ ಹೆಸರು ಗಿರಿಮಲ್ಲ. ಬೀಡಿ ಸೇದುತ್ತಾನೆ, ಹುಲಿಯನ್ನು ಬರಿ ಕಣ್ಣಿನಿಂದಲೇ ಹೆದರಿಸಿ ಕೂರಿಸುತ್ತಾನೆ. ಬಾಯಿಕಥೆಯಲ್ಲಿ ಯಾರು ಬಂದರು ಎಂದು ತಿಳಿಯಬೇಕಲ್ಲ, ಅದಕ್ಕೆ ಒಬ್ಬೊಬ್ಬರಿಗೂ ಒಂದು ಸಿನಿಮಾ ಹಾಡು ಕೊಟ್ಟೆ. ಗಿರಿಮಲ್ಲನಿಗೆ ಒಂದು, ಫೌಜದಾರನಿಗೆ ಒಂದು, ಕುಣಿಯುವವಳಿಗೆ ಎರಡು. ನಾನು ಗುನುಗಿದ ಕೂಡಲೇ ಇನ್ನೂರು ಮಂದಿಗೆ ಗೊತ್ತಾಗುತ್ತಿತ್ತು.

ಕೊಲೆಗಾರನಿಗೆ ಮಾತ್ರ ಹಾಡು ಹೊಂದಲಿಲ್ಲ. ಮೂರು ದಿನ ಹುಡುಕಿದೆ. ನಾಲ್ಕನೇ ದಿನ ಲಿಫ್ಟ್ ಏರಿಸುವಾಗ ತಾನಾಗಿಯೇ ಬಾಯಿಗೆ ಬಂತು. ಯಾವುದೋ ಹಳೆಯ ಹಿಂದಿ ಹಾಡಿನ ಧಾಟಿ. ಎಲ್ಲಿ ಕೇಳಿದ್ದೆನೋ ನೆನಪಿಲ್ಲ. ಹಾಡುಗಳು ನನಗೆ ಉತ್ತರಾಣಿ ಮುಳ್ಳಿನ ಹಾಗೆ ಹತ್ತಿಕೊಳ್ಳುತ್ತವೆ, ಯಾವ ಹೊಲದ್ದೆಂದು ನಾನು ಕೇಳುವುದಿಲ್ಲ. ಎರಡನೇ ಸಾಲಿನ ನಡುವೆ ಅದು ಮೆಟ್ಟಿಲು ತಪ್ಪಿದ ಹಾಗೆ ಒಂದು ಹೆಜ್ಜೆ ಜಿಗಿಯುತ್ತಿತ್ತು. ಇದೇ ಸರಿ ಅಂದುಕೊಂಡೆ.

ಇನ್ನೊಂದು ತಪ್ಪನ್ನೂ ಮಾಡಿದೆ. ಹಿಂದಿನ ತಿಂಗಳು ನಮ್ಮ ಸೈಟಿನ ಎಲೆಕ್ಟ್ರಿಶಿಯನ್ ಮೋಹನದಾಸ್ ಹನ್ನೊಂದನೇ ಮಹಡಿಯಿಂದ ಬಿದ್ದು ಸತ್ತಿದ್ದ. ಮುಂದೆ ಒಳಗಿನ ಲಿಫ್ಟ್ ಕೂರಿಸಲು ತಳದಿಂದ ತುದಿಯವರೆಗೆ ಬಿಟ್ಟ ಖಾಲಿ ಬಾವಿ ಇರುತ್ತದೆಯಲ್ಲ, ಅದರೊಳಗೆ. ಕಾಲು ಜಾರಿತು ಎಂದು ಬರೆದುಕೊಂಡು ಹೋದರು. ಕಥೆ ಹೇಳುವವನ ಕೈಗೆ ಹತ್ತಿರದ್ದೇ ಮೊದಲು ಸಿಗುವುದು. ನನ್ನ ಕೊಲೆಗಾರನೂ ಜನರನ್ನು ಲಿಫ್ಟಿನ ಬಾವಿಯ ಹತ್ತಿರ ಕರೆಯುತ್ತಿದ್ದ, ಗುನುಗುತ್ತಿದ್ದ, ನೂಕುತ್ತಿದ್ದ.

ಒಂಬತ್ತು ಕಂತು ಆಗಿತ್ತು. ಅವತ್ತು ಮಂಗಳವಾರ. ಮಹಾಲಿಂಗಣ್ಣ ಚಹಾ ಇಡುತ್ತಾ ನಕ್ಕರು.

"ನಿನ್ನ ಕಥೆಗೆ ದೊಡ್ಡ ಗಿರಾಕಿ ಸಿಕ್ಕಿದ್ರು ಮಾರಾಯ. ಸೇಫ್ಟಿ ಸಾಹೇಬರು."

ಸೇಫ್ಟಿ ಸಾಹೇಬರು ಎಂದರೆ ಮನೋಹರ. ಬಿಳಿ ಹೆಲ್ಮೆಟ್, ಇಸ್ತ್ರಿ ಮಾಡಿದ ಅಂಗಿ. ಅಕ್ಕಲಕೋಟದವರು, ಕನ್ನಡ ಮರಾಠಿ ಎರಡೂ ಒಂದೇ ನಾಲಿಗೆಯಲ್ಲಿ. ಸೈಟಿನಲ್ಲಿ ಯಾರೂ ಬೀಳದಂತೆ ನೋಡುವುದೇ ಅವರ ಕೆಲಸ.

"ಅವ್ರಿಗೆ ಯಾರು ಕೇಳ್ಸಿದ್ರು?"

"ನಿಮ್ಮ ಪ್ಲಾಸ್ಟರಿನವರು ಇಲ್ಲೇ ಕೂತು ಹಾಕಿದ್ರು. ಸಾಹೇಬರು ಆ ಮೊಬೈಲು ಕೈಗೆ ತಕ್ಕೊಂಡ್ರು. ಕಥೆ ಅಲ್ಲ, ಹಾಡಿನ ಜಾಗ ಮಾತ್ರ. ಆರು ಸಲ ಕೇಳಿದ್ರು. ಚಹಾ ಮುಟ್ಲಿಲ್ಲ. ಕೆನೆ ಕಟ್ಟಿತು. ಯಾರ ಧ್ವನಿ ಅಂತ ಕೇಳಿದ್ರು, ನಾನು ಹೆಮ್ಮೆಯಲ್ಲಿ ನಿನ್ನ ಹೆಸರು ಹೇಳಿದೆ." ಆಮೇಲೆ ಲೋಟ ಒರೆಸುತ್ತಾ ಸೇರಿಸಿದರು. "ಒಂದು ಮಾತು, ಬೇಜಾರು ಮಾಡ್ಬೇಡ. ಆ ಹಾಡು ನೀನು ತಪ್ಪು ಹಾಡ್ತಿ. ನಡುವೆ ಒಂದು ಸ್ವರ ನುಂಗ್ತಿ."

ತಮ್ಮ ಮೊಬೈಲಿನಲ್ಲಿ ಮೂಲ ಹಾಡು ಹಾಕಿ ತೋರಿಸಿದರು. ಹೌದು. ಎರಡನೇ ಸಾಲಿನ ನಡುವೆ ಒಂದು ಸ್ವರ ಇತ್ತು. ಮೆಟ್ಟಿಲು ತಪ್ಪುವುದೇ ಇಲ್ಲ, ಹಾಡು ಸಲೀಸಾಗಿ ಇಳಿಯುತ್ತದೆ. ಈ ಹಾಡನ್ನು ನಾನು ಜನ್ಮದಲ್ಲಿ ಕೇಳಿರಲೇ ಇಲ್ಲ. ಕೇಳಿದ್ದು ತಪ್ಪನ್ನು ಮಾತ್ರ. ಹಾಗಾದರೆ ಯಾರ ಬಾಯಿಂದ?

ಆ ಗಳಿಗೆಯಲ್ಲಿ ನೆನಪಾಯಿತು.

ಮೋಹನದಾಸ್ ಸತ್ತ ದಿನ ನಾನು ವೈರಿನ ಸುರುಳಿ ಇಳಿಸಿ ಹನ್ನೊಂದನೇ ಮಹಡಿಯಲ್ಲಿ ಪಂಜರ ನಿಲ್ಲಿಸಿದ್ದೆ. ಗೋಡೆಯ ಆಚೆ ಯಾರೋ ಗುನುಗುತ್ತಿದ್ದರು. ನಡುವೆ ಗುನುಗು ನಿಲ್ಲಿಸಿ, "ಹಲಗಿ ಸಡ್ಲ ಆಗ್ಯಾವ, ಒಂದು ಕೈ ಹಿಡಿ," ಅಂದಿತು ಒಂದು ಧ್ವನಿ. ಅಷ್ಟರಲ್ಲಿ ಕೆಳಗಿನಿಂದ ಗಂಟೆ ಹೊಡೆದರು. ನಾನು ಆ ಹಾಡನ್ನು ಬಾಯಲ್ಲಿ ಹಾಕಿಕೊಂಡು ಇಳಿದೆ. ನೆಲ ಮುಟ್ಟುವಷ್ಟರಲ್ಲಿ ಜನ ಓಡುತ್ತಿದ್ದರು.

ಆ ಧ್ವನಿ ಯಾರದೆಂದು ಈಗ ಗುರುತು ಹತ್ತಿತು. ಆ ಹೊತ್ತಿಗೆ ತಾನು ಕೆಳಗೆ ಆಫೀಸಿನಲ್ಲಿದ್ದೆ ಎಂದು ಪೊಲೀಸರಿಗೆ ಬರೆದುಕೊಟ್ಟವರು ಮನೋಹರ.

ಒಂದು ತಿಂಗಳಿನಿಂದ ನಾನು ಒಂದು ಕೊಲೆಯ ಸಾಕ್ಷಿಯನ್ನು ಬಾಯಲ್ಲಿ ಇಟ್ಟುಕೊಂಡು ತಿರುಗಿದ್ದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅದನ್ನು ಇನ್ನೂರು ಮಂದಿಗೆ ಹಾಡಿ ಕೇಳಿಸಿದ್ದೆ.

ಸಂಜೆ ತಗಡು ಹೊದಿಸಿದ ನಮ್ಮ ಪತ್ರಾದ ಖೋಲಿಯಲ್ಲಿ ಮಾನಮ್ಮನಿಗೆ ಹೇಳಿದೆ. ಅವಳೂ ಅದೇ ಸೈಟಿನಲ್ಲಿ ಗಾರೆ ಹೊರುತ್ತಾಳೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಇವತ್ತಿಂದ್ರಾಗ ಖರೆ ಎಷ್ಟದ, ಅದನ್ನ ಮೊದ್ಲ ಹೇಳು ಸೋನಾಲಿ ಅಪ್ಪಾ."

ಸೋನಾಲಿ ನಮ್ಮ ಮಗಳು. ನನ್ನ ಹೆಸರು ಮಾನಮ್ಮ ಬಾಯಿಬಿಟ್ಟು ಹೇಳುವುದಿಲ್ಲ.

"ಎಲ್ಲಾ ಖರೆ."

"ಹಂಗಂದ್ರ ಅರ್ಧ."

"ಮಾನಮ್ಮ, ನನ್ ಮುಖ ನೋಡು."

ನೋಡಿದಳು. ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಊರಿಗಿ ಹೋಗಿಬಿಡ್ತೀನಿ," ಅಂದೆ. "ಮುಂಜಾನಿ ಬಸ್ಸಿಗೇ."

"ಹೋಗಿ? ಅಲ್ಲಿ ಬಾವಿ ಇಲ್ಲೇನು? ನೀ ಓಡಿದ್ರ ಅವ್ಗ ಖಾತ್ರಿ ಆಗ್ತದ."

"ಹಂಗಾದ್ರ ಪೊಲೀಸ್ ಚೌಕಿಗಿ ಹೋಗ್ಲಿ? ಏನಂತ ಹೇಳ್ಲಿ? ಸಾಹೇಬ್ರ, ಹಾಡಿನಾಗ ಒಂದು ಸ್ವರ ಕಮ್ಮಿ ಅದ, ಈ ಮನಷ್ಯಾನ್ನ ಒಳಗ ಹಾಕ್ರಿ ಅಂತನ?"

"ನೀ ಬಿಸಿಲದ ಅಂದ್ರೂ ನಂಬಂಗಿಲ್ಲ ಜನ." ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿದಳು. "ಒಬ್ಬಂವ್ಗ ಗೊತ್ತಿದ್ರ ಕೊಲ್ತಾನ. ಎಲ್ಲಾರಿಗೂ ಗೊತ್ತಿದ್ರ ಯಾರ್ಯಾರ್ನ ಕೊಲ್ತಾನ? ಆ ಹಾಡು ಅನ್ನು."

"ಯಾಕ?"

"ಅನ್ನು ಅಂದ್ರ ಅನ್ನು."

ಅಂದೆ. ನಾಲ್ಕು ಸಲ ಹಾಡಿಸಿದಳು. ಆಮೇಲೆ ರೊಟ್ಟಿ ಮುಂದಿಟ್ಟು, "ದಿನಾ ಹೋದಂಗ ಕೆಲ್ಸಕ್ಕ ಹೋಗು. ಪಂಜರ ಬಿಟ್ಟು ಇಳೀಬ್ಯಾಡ," ಅಂದಳು. ಆ ರೊಟ್ಟಿಯನ್ನು ತಿಂದೆನೋ ಇಲ್ಲವೋ ನನಗೆ ಗೊತ್ತಿಲ್ಲ.

ಬುಧವಾರ ಮುಂಜಾನೆ ಹನ್ನೊಂದು ಗಂಟೆಗೆ ಮನೋಹರ ಸಾಹೇಬರು ಪಂಜರದೊಳಗೆ ಬಂದರು. ಒಬ್ಬರೇ. ಹಿಂದಿನಿಂದ ಪೈಪು ಹೊತ್ತುಕೊಂಡು ಬರುತ್ತಿದ್ದ ಇಬ್ಬರನ್ನು ಕೈ ಮಾಡಿ ನಿಲ್ಲಿಸಿದರು. ಬಾಗಿಲು ತಾವೇ ಎಳೆದರು.

"ಚಲ, ತಾಯಪ್ಪ. ಬಾವೀಸ."

ಬಾವೀಸ ಎಂದರೆ ಇಪ್ಪತ್ತೆರಡನೇ ಮಹಡಿ, ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಪ್ಲಾಸ್ಟರ್ ಮುಗಿದು ವಾರ ಆಗಿತ್ತು. ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಗುಂಡಿ ಒತ್ತಿದೆ. ಒತ್ತದೆ ಏನು ಮಾಡಲಿ? ಸೇಫ್ಟಿ ಸಾಹೇಬರ ಮಾತಿಗೆ ಇಲ್ಲ ಅಂದವನ ಗೇಟ್ ಪಾಸು ಅವತ್ತೇ ಹೋಗುತ್ತದೆ.

ನೆಲ ಕೆಳಗೆ ಹೋಯಿತು. ಕಂಪನಿ ಬಸ್ಸುಗಳು ಬೆಂಕಿಪೆಟ್ಟಿಗೆಗಳಾದವು. ಸಾಹೇಬರು ಮೊಬೈಲು ತೆಗೆದು ನನ್ನದೇ ಧ್ವನಿ ಹಾಕಿದರು. ನಾನು ಗುನುಗಿದ್ದು. ಜಿಗಿತ ಬಂದ ಕೂಡಲೇ ಆರಿಸಿದರು.

"ಯಾರು ಕಲಿಸ್ಯಾರ ಇದನ್ನ?"

ಹೆದರಿಕೆಯಲ್ಲಿ ಬೇರೆಯವರ ಬಾಯಿ ಕಟ್ಟುತ್ತದೆ, ನನ್ನ ಬಾಯಿ ಬಿಚ್ಚುತ್ತದೆ.

"ಕಾಗೀರಿ ಸಾಹೇಬ್ರ."

"ಕಾಗಿ?"

"ಹದಿನೆಂಟನೇ ಮಜಲಾದಾಗ ಒಂದು ಕಾಗಿ ಅದರಿ. ಒಂದು ಕಣ್ಣಿಲ್ಲ. ದಿನಾ ನನ್ ಪಂಜರದ ಮ್ಯಾಲ ಕುಂತು ಮ್ಯಾಲಿನ ತನಾ ಬರ್ತದ, ರೆಕ್ಕಿ ಬಡ್ಯಾಕ ಬ್ಯಾಸರ ಅದಕ್ಕ. ಬಾಡಿಗಿ ಕೊಡು ಅಂದ್ರ ಹಾಡು ಅಂತದ. ಎಲ್ಲಾ ಹಳೀ ಹಾಡೇರಿ. ನಡು ನಡು ಕೆಮ್ಮತದ, ಆಗ ಸ್ವರ ತಪ್ತದ."

ಸಾಹೇಬರು ನಕ್ಕರು. ನಿಜವಾಗಿ ನಕ್ಕರು. ಕಣ್ಣು ಒರೆಸಿಕೊಂಡರು.

"ಭಾಳ ಛಂದ ಸುಳ್ಳು ಹೇಳ್ತಿ ತಾಯಪ್ಪ. ಅದಕ್ಕ ನಿನ್ ಮಾತು ಯಾರೂ ನಂಬಂಗಿಲ್ಲ, ನನಗೂ ಅದೇ ಬೇಕು. ಆದ್ರ ಹಾಡಿನಾಗ ಸುಳ್ಳು ನಡ್ಯಂಗಿಲ್ಲ ನೋಡು." ಜಾಳಿಗೆಗೆ ಬೆನ್ನು ಕೊಟ್ಟು ನಿಂತರು. "ನಮ್ಮಪ್ಪ ಲಗ್ನದ ಬ್ಯಾಂಡಿನಾಗ ಕ್ಲಾರಿನೆಟ್ ಊದ್ತಿದ್ದ. ಅದರ ಒಂದು ಕೀಲಿ ಮುರ್ದಿತ್ತು. ಆ ಸ್ವರ ಬರ್ತಿದ್ದಿಲ್ಲ. ಅದನ್ನ ಹಾರಿ ಮುಂದ ಹೋಗ್ತಿದ್ದ. ನಾ ಮನ್ಯಾಗ ಹಂಗೇ ಕೇಳಿ ಕಲ್ತೀನಿ. ಈಗ ಅಪ್ಪನೂ ಇಲ್ಲ, ಕ್ಲಾರಿನೆಟ್ಟೂ ಇಲ್ಲ. ಇಡೀ ಜಗತ್ತಿನಾಗ ಈ ಹಾಡು ಹಿಂಗ ಅನ್ನಾಂವ ನಾ ಒಬ್ಬನೇ. ಹೌದಿಲ್ಲೋ?"

ನಾನು ದಾಟಿಹೋಗುವ ಮಹಡಿಗಳನ್ನು ಎಣಿಸುತ್ತಿದ್ದೆ.

"ಅವತ್ತು ಹನ್ನೊಂದರಾಗ ನೀ ಇದ್ದಿ. ನಾ ವೈರು ಕದಿಯೂ ಮಾತು ಮೋಹನದಾಸ್ ಮ್ಯಾಲಿನವ್ರಿಗೆ ಹೇಳ್ತೀನಿ ಅಂದಿದ್ದ. ನೀ ಏನೂ ಹೇಳಿಲ್ಲ. ಬರೇ ಹಾಡೀದಿ."

ಪಂಜರ ಇಪ್ಪತ್ತೆರಡಕ್ಕೆ ನಿಂತಿತು. ಸಾಹೇಬರು ಕೈ ಚಾಚಿ ಪಂಜರದ ಕೀಲಿ ತೆಗೆದು ಕಿಸೆಯಲ್ಲಿ ಹಾಕಿಕೊಂಡರು. ಬಾಗಿಲು ಸರಿಸಿದರು. ಒಳಗೆ ಉದ್ದಕ್ಕೂ ಖಾಲಿ ಖೋಲಿಗಳು, ಹಸಿ ಸುಣ್ಣದ ವಾಸನೆ, ಕದ ಇಲ್ಲದ ಕಿಟಕಿಗಳಿಂದ ಗಾಳಿ. ನಡುವೆ ಮೆಟ್ಟಿಲು. ಮೆಟ್ಟಿಲ ಪಕ್ಕದಲ್ಲೇ ಲಿಫ್ಟಿನ ಬಾವಿ. ಬಾವಿಯ ಬಾಯಿಗೆ ಅಡ್ಡಲಾಗಿ ಎರಡು ಹಲಗೆ.

"ಹಲಗಿ ಸಡ್ಲ ಆಗ್ಯಾವ," ಅಂದರು. "ಒಂದು ಕೈ ಹಿಡಿ."

ಅದೇ ಮಾತು, ಅದೇ ಧ್ವನಿ. ಮೋಹನದಾಸನಿಗೂ ಹೀಗೇ ಹೇಳಿದ್ದು. ಅವನೂ ನನ್ನ ಹಾಗೆ ಇಲ್ಲ ಅನ್ನಲಾಗದೆ ಹೋಗಿರಬೇಕು. ಜನ ಬೀಳದಂತೆ ನೋಡುವ ಮನುಷ್ಯ ಹಲಗೆ ಹಿಡಿ ಅಂದರೆ ಯಾರು ತಾನೇ ಸಂಶಯ ಪಡುತ್ತಾರೆ?

ನಾನು ಬಾಗಿಲ ಸರಳು ಹಿಡಿದುಕೊಂಡೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಸಿಟ್ಟಿಲ್ಲದೆ, ಮಗುವಿನ ಕೈಯಿಂದ ಚಮಚೆ ಬಿಡಿಸಿದ ಹಾಗೆ. ಹೆಗಲ ಮೇಲೆ ಕೈ ಹಾಕಿ ನಡೆಸಿದರು. ಹತ್ತು ಹೆಜ್ಜೆ ಇರಬಹುದು. ನನ್ನ ಕಾಲುಗಳು ನನ್ನ ಮಾತು ಕೇಳುತ್ತಿರಲಿಲ್ಲ, ಅವರ ಮಾತು ಕೇಳುತ್ತಿದ್ದವು. ನಡೆಯುತ್ತಾ ಅವರು ಗುನುಗಲು ಶುರು ಮಾಡಿದರು.

ಬಾವಿಯ ಅಂಚು ಬಂತು. ಕೆಳಗೆ ಕತ್ತಲು. ತಣ್ಣಗಿನ ಗಾಳಿ ಮುಖಕ್ಕೆ ಬಡಿಯಿತು. ನನಗೆ ಸೋನಾಲಿಯ ಶಾಲೆಯ ಚೀಲ ನೆನಪಾಯಿತು, ಅದರ ಹರಿದ ಪಟ್ಟಿ ಹೊಲಿದುಕೊಡುತ್ತೇನೆ ಅಂದಿದ್ದೆ. ಸಾಹೇಬರ ಗುನುಗು ಎರಡನೇ ಸಾಲಿಗೆ ಬಂತು, ಜಿಗಿಯಿತು, ನಿಂತಿತು.

ಹಾಡು ಮಾತ್ರ ನಿಲ್ಲಲಿಲ್ಲ.

ಬಾವಿಯೊಳಗಿಂದ ಬರುತ್ತಿತ್ತು. ಮೊದಲು ಸಣ್ಣಗೆ, ತಳದಲ್ಲಿ ಯಾರೋ ನಿದ್ದೆಯಲ್ಲಿ ಅಂದ ಹಾಗೆ. ಅದೇ ಧಾಟಿ, ಅದೇ ಜಿಗಿತ. ಮೋಹನದಾಸ್ ಎಂದುಕೊಂಡೆ. ಸುಳ್ಳು ಹೇಳುವುದಿಲ್ಲ, ನನ್ನ ಪ್ಯಾಂಟು ಒದ್ದೆಯಾಯಿತು. ಹಾಡು ಏರುತ್ತಾ ಬಂತು. ಒಂದು ಧ್ವನಿ ಇದ್ದದ್ದು ಹತ್ತಾಯಿತು, ಹತ್ತು ನಲವತ್ತಾಯಿತು. ಖಾಲಿ ಬಾವಿ ಅದನ್ನು ತುತ್ತೂರಿಯ ಹಾಗೆ ಹಿಡಿದು ನಮ್ಮ ಮುಖಕ್ಕೆ ಊದಿತು.

ಹೆಗಲ ಮೇಲಿನ ಕೈ ಬಿಟ್ಟಿತು.

"ಕೋಣ್ ಆಹೇ?" ಎಂದು ಸಾಹೇಬರು ಬಾವಿಯೊಳಗೆ ಕೂಗಿದರು. "ಯಾರದು?"

ಉತ್ತರಕ್ಕೆ ಎರಡನೇ ಸಾಲು ಬಂತು. ನಡುವೆ ಒಂದು ಸ್ವರ ಇಲ್ಲ.

ಅವರ ಮುಖ ಆಗ ನೋಡಿದೆ. ಹೆದರಿಕೆ ನನ್ನೊಬ್ಬನದೇ ಎಂದು ಅಂದುಕೊಂಡಿದ್ದೆ. ಅವರು ಹಿಂದೆ ಹಿಂದೆ ಸರಿದರು. ಹೆಲ್ಮೆಟ್ ಬಾಗಿಲ ಚೌಕಟ್ಟಿಗೆ ಬಡಿದು ಬಿತ್ತು, ಎತ್ತಿಕೊಳ್ಳಲಿಲ್ಲ. ಪಂಜರದೊಳಗೆ ಹೋಗಿ, ಕೀಲಿ ತೂರಿಸಿ, ಬಾಗಿಲು ಎಳೆದುಕೊಂಡು ಇಳಿದುಹೋದರು.

ನಾನು ನೆಲದ ಮೇಲೆ ಕೂತುಬಿಟ್ಟೆ. ಮೆಟ್ಟಿಲ ತಿರುವಿನಲ್ಲಿ ಮೊದಲು ಒಂದು ಘಮೇಲಾ ಕಂಡಿತು, ಗಾರೆ ಹೊರುವ ಕಬ್ಬಿಣದ ಬುಟ್ಟಿ. ಅದರ ಕೆಳಗೆ ಮಾನಮ್ಮನ ಮುಖ. ಅವಳ ಹಿಂದೆ ಭೀಮವ್ವ, ಅವಳ ಹಿಂದೆ ಸಕ್ಕುಬಾಯಿ, ಅವರ ಹಿಂದೆ ಮೆಟ್ಟಿಲ ಉದ್ದಕ್ಕೂ ನಮ್ಮ ಹೆಣ್ಣುಮಕ್ಕಳ ಸಾಲು, ಕೆಳಗಿನ ಮಹಡಿಗಳವರೆಗೆ. ಒಡೆದ ಇಟ್ಟಿಗೆಯ ಚೂರು ಇಳಿಸುವಾಗ ಅವರು ಯಾವಾಗಲೂ ಹೀಗೇ ಮೆಟ್ಟಿಲಿಗೊಬ್ಬರು ನಿಲ್ಲುತ್ತಾರೆ. ಘಮೇಲಾ ಕೈಯಿಂದ ಕೈಗೆ, ಹಾಡು ಬಾಯಿಂದ ಬಾಯಿಗೆ. ಮುಂದಿನವಳು ಒಂದು ಸಾಲು ಎತ್ತಿದರೆ ಹಿಂದಿನವರು ಹಾಗೇ ಹಿಡಿಯಬೇಕು. ಒಂದು ಸ್ವರ ಆಚೀಚೆ ಆದರೆ ಕೈ ತಪ್ಪುತ್ತದೆ, ಘಮೇಲಾ ಕಾಲ ಮೇಲೆ ಬೀಳುತ್ತದೆ. ಅದಕ್ಕೇ ಅವರು ಕಲಿತ ಹಾಡಿನಲ್ಲಿ ತಪ್ಪು ಕೂಡ ತಪ್ಪುವುದಿಲ್ಲ.

ಆ ಮುಂಜಾನೆ ಮಾನಮ್ಮ ಎಂಟು ಗಂಟೆಗೇ ಆ ಹಾಡನ್ನು ಹೊರಗೆ ಕೇಳದ ಹಾಗೆ ಸಣ್ಣಗೆ ಎತ್ತಿದ್ದಳಂತೆ. ಯಾಕೆ, ಯಾರದ್ದು ಎಂಬುದನ್ನೂ ಸಾಲಿನ ಉದ್ದಕ್ಕೂ ದಾಟಿಸಿದ್ದಳು. ಹದಿನಾಲ್ಕರಲ್ಲಿ ನಿಂತಿದ್ದ ಸಕ್ಕುಬಾಯಿಗೆ ಪಂಜರದಲ್ಲಿ ನಾವಿಬ್ಬರೇ ಮೇಲೆ ಹೋದದ್ದು ಕಂಡಿತ್ತು. ಆಮೇಲೆ ಸಾಲು ಇಳಿಯಲಿಲ್ಲ, ಏರಿತು.

ಮಾನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಪಂಜರ ಬಿಟ್ಟು ಇಳೀಬ್ಯಾಡ ಅಂದಿದ್ದೆ."

"ಇಳಿಸಿದ."

"ಏಳು. ಪ್ಯಾಂಟ್ ಒದ್ದಿ ಆಗ್ಯದ."

"ನೀರು ಚೆಲ್ಯದ," ಅಂದೆ. ಭೀಮವ್ವ ಬಾಯಿಗೆ ಸೆರಗು ಇಟ್ಟುಕೊಂಡಳು.

ಮನೋಹರ ಗೇಟು ದಾಟಿ ಹೋದದ್ದನ್ನು ಮಹಾಲಿಂಗಣ್ಣ ನೋಡಿದರು. ಬರಿ ತಲೆ, ಬೈಕೂ ಬಿಟ್ಟು, ಹೆದ್ದಾರಿ ಕಡೆ ಓಟ. ಮಧ್ಯಾಹ್ನ ನಾವು ಚೌಕಿಗೆ ಹೋದೆವು. ಅಲ್ಲಿನ ಪೊಲೀಸ್ ಸಾಹೇಬರು ಮೊದಲು ನಕ್ಕರು. ಆಮೇಲೆ ನಲವತ್ತು ಹೆಂಗಸರು ಅಂಗಳದಲ್ಲಿ ಒಂದೇ ಧಾಟಿ, ಒಂದೇ ತಪ್ಪು ಹಾಡಿದಾಗ ನಗು ನಿಲ್ಲಿಸಿದರು. ಮಹಾಲಿಂಗಣ್ಣ ಮೂಲ ಹಾಡು ಹಾಕಿ ತೋರಿಸಿದರು. ನಾನು ನಡೆದದ್ದನ್ನು ಹೇಳಿದೆ, ಕಾಗೆಯನ್ನೂ ಬಿಡದೆ. ಕಾಗೆಯ ಮಾತು ಬೇಡ ಎಂದು ಬರೆದದ್ದನ್ನು ಹೊಡೆದುಹಾಕಿದರು. ಮರುದಿನ ಹನ್ನೊಂದನೇ ಮಹಡಿಯಲ್ಲಿ ಒಂದು ಹೊಸ ಗೋಡೆ ಒಡೆಸಿದರು. ಅದರ ಹಿಂದೆ ತಾಮ್ರದ ವೈರಿನ ಸುರುಳಿಗಳು ಮೊಳಕಾಲೆತ್ತರ ಇದ್ದವು.

ಆ ಮನುಷ್ಯ ಮಾತ್ರ ಇವತ್ತಿನವರೆಗೆ ಸಿಕ್ಕಿಲ್ಲ.

ಮಹಾಲಿಂಗಣ್ಣನ ಪುಸ್ತಕಗಳಲ್ಲಿ ಕೊನೆಯ ಪುಟಕ್ಕೆ ಬೇಡಿ ಬೀಳುತ್ತದೆ, ರೆಕಾರ್ಡು ನಿಲ್ಲುತ್ತದೆ. ಇಲ್ಲಿ ನಿಲ್ಲಿಸುವ ಹಾಗಿಲ್ಲ. ಹೆಣ್ಣುಮಕ್ಕಳು ದಿನಾ ಅದನ್ನೇ ಹಾಡುತ್ತಾರೆ. ಮಗರಪಟ್ಟಾದ ಸೈಟಿಗೂ ಹೋಗಿದೆಯಂತೆ. ಸೋನಾಲಿ ಹೋಮ್‌ವರ್ಕ್ ಬರೆಯುವಾಗ ಗುನುಗುತ್ತಾಳೆ. ಆ ಜಿಗಿತ ಬಂದಾಗಲೆಲ್ಲ ನನ್ನ ಬೆರಳುಗಳನ್ನು ಯಾರೋ ಒಂದೊಂದಾಗಿ ಬಿಡಿಸಿದ ಹಾಗಾಗುತ್ತದೆ. ಸಾಕು ಮಾಡ್ರವ್ವಾ ಅನ್ನಬೇಕೆನಿಸುತ್ತದೆ. ಅನ್ನುವುದಿಲ್ಲ. ಹಾಡು ಕೇಳಿಸುವವರೆಗೆ ನಾನು ಒಬ್ಬನಲ್ಲ.

ಮೊನ್ನೆ ಪಂಜರ ಏರಿಸುತ್ತಿದ್ದೆ. ಹನ್ನೆರಡನೇ ಮಹಡಿ ದಾಟುವಾಗ ಹಾಡು ಥಟ್ಟನೆ ನಿಂತಿತು. ಪಂಜರ ಅಲ್ಲೇ ನಿಲ್ಲಿಸಿದೆ, ಎರಡು ಮಹಡಿಗಳ ನಡುವೆ. ಅಲ್ಲಿ ಬಾಗಿಲು ತೆರೆಯುವುದಿಲ್ಲ, ಯಾರೂ ಬರಲಾಗುವುದಿಲ್ಲ. ಬೆವರು ಕಣ್ಣಿಗೆ ಇಳಿಯಿತು. ಕಿವಿಯಲ್ಲಿ ಗಾಳಿ ಬಿಟ್ಟರೆ ಏನೂ ಇಲ್ಲ. ಸಣ್ಣಗೆ, ಬಾಯೊಳಗೇ, ನಾನೇ ಅದನ್ನು ಗುನುಗಲು ಶುರು ಮಾಡಿದೆ.

ಮೇಲಿನಿಂದ ಮಾನಮ್ಮನ ತಲೆ ಇಣುಕಿತು.

"ಏ ಸೋನಾಲಿ ಅಪ್ಪಾ! ನಡುವ ಯಾಕ ನೇತಾಡ್ಲಕತ್ತಿ? ಉಣ್ಣೂ ಹೊತ್ತಾಗ್ಯದ, ಬಾ ಮ್ಯಾಲ!"

"ಹಾಡು ಯಾಕ ನಿಲ್ಲಿಸಿದ್ರಿ?"

"ಬಾಯಾಗ ರೊಟ್ಟಿ ಅದ!"

"ರೊಟ್ಟಿ ತಿನ್ಕೋತ ಅನ್ರವ್ವಾ," ಎಂದು ಕೂಗಿದೆ. "ಒಬ್ರರ ಅನ್ರಿ!"

ಅವರು ನಕ್ಕರು. ನಗುವಿನ ನಡುವೆ ಭೀಮವ್ವ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ, ಎರಡನೇ ಸಾಲು ಎತ್ತಿದಳು. ಆಗ ನಾನು ಗುಂಡಿ ಒತ್ತಿದೆ.